ತಾನಾಗಿ ಬಿದ್ರೆ ಪಾಯಿಂಟು ಯಾರಿಗೆ? ಅಟ್ಯಾಕ್ ಬೇಬ್ಲೇಡಿಗೆ ನಿಜಕ್ಕೂ ಅನ್ಯಾಯ ಆಗ್ತಿದ್ಯಾ ಅಂತ ಲೆಕ್ಕ ಹಾಕಿ ನೋಡಿದ್ದು

ಕಕ್ಕಡ ತಿಂಗಳ, ಅಂದ್ರೆ ಜುಲೈ ಆಗಸ್ಟಿನ, ಮಳೆ ಹಿಡ್ಕೊಂತು ಅಂದ್ರೆ ನಮ್ ಕೊಡಗಿನ ಸೋಮವಾರಪೇಟೆ ಕಡೆ ಮಕ್ಕಳಿಗೆ ಎರಡೇ ಕೆಲ್ಸ. ಬೆಳಿಗ್ಗೆ ಎದ್ದ ಕೂಡ್ಲೇ ರಜೆ ಕೊಟ್ರಾ ಅಂತ ಫೋನ್ ನೋಡೋದು, ಕೊಟ್ಟಿದ್ರೆ ಸಂಜೆ ತನಕ ಜಗುಲಿಲಿ ಕೂತು ಜಗಳ ಆಡೋದು. ಈ ಸಲದ ಜಗಳ ಬೇಬ್ಲೇಡಿಂದು, ಅಂದ್ರೆ ಬಟ್ಟಲಂಥ ಸ್ಟೇಡಿಯಂ ಒಳಗೆ ಎದುರುಬದುರು ಬಿಡೋ ಆಟಿಕೆ ಬುಗುರಿಂದು. ನಮ್ ಅಕ್ಕನ ಮಗ ಓಡಾಡಿ ಹೊಡೆಯೋ ಅಟ್ಯಾಕ್ ಟೈಪ್ ಬಿಟ್ರೆ ಬೇರೆ ಮುಟ್ಟಲ್ಲ, ಎದುರು ಮನೆ ಹುಡುಗಿ ಕೂತಲ್ಲೇ ತುಂಬಾ ಹೊತ್ತು ಸುತ್ತೋ ಸ್ಟ್ಯಾಮಿನಾ ಟೈಪ್ ಇಟ್ಕೊಂಡು ಒಂಚೂರೂ ಸದ್ದು ಗದ್ದಲ ಇಲ್ದೆ ಗೆಲ್ತಾ ಇರ್ತಾಳೆ, ಇವ್ರಿಬ್ರ ಮಧ್ಯೆ ಸಿಕ್ಕಾಕೊಂಡಿರೋದು ಒಂದು ರೂಲು. ಯಾರದ್ದು ಎದುರಿನ ಬೇಬ್ಲೇಡಿಗೆ ತಾಗದೇ ತಾನಾಗೇ ಓಡ್ಹೋಗಿ ಹೊರಗಿನ ಗುಂಡಿಗೆ ಬೀಳುತ್ತೋ, ಪಾಯಿಂಟು ಎದುರಾಳಿಗೆ.

"ಮಾಮ, ಇದು ಅಟ್ಯಾಕ್‌ನವ್ರನ್ನ ಸೋಲ್ಸಕ್ಕೇ ಮಾಡಿರೋ ರೂಲು. ಅವಳದ್ದು ಕೂತ ಜಾಗದಿಂದ ಅಲ್ಲಾಡೋದೇ ಇಲ್ಲ, ಅದು ಬೀಳೋದು ಹೆಂಗೆ?" ಅಂತ ಇವ್ನು. "ಬಿಡಕ್ಕೆ ಬರ್ದೇ ಇದ್ರೆ ರೂಲೇನ್ ಮಾಡುತ್ತೆ ಅಂಕಲ್" ಅಂತ ಅವ್ಳು. ಇಬ್ರೂ ನನ್ನ ಮುಖ ನೋಡ್ತಾರೆ.

ನಾನು ಕಾಫಿ ವ್ಯಾಪಾರದವ್ರ ಹತ್ರ ಲೆಕ್ಕ ಬರಿಯೋ ಮನುಷ್ಯ, ಬೇಬ್ಲೇಡ್ ಪಂಡಿತ ಅಲ್ಲ. ಆದ್ರೆ 'ಇದ್ರಿಂದ ನಂಗೆ ಅನ್ಯಾಯ ಆಗ್ತಿದೆ' ಅನ್ನೋ ಮಾತು ದಿನಾ ಕೇಳೋ ಕೆಲ್ಸ ನಂದು, ಹಾಗಾಗಿ ಇದನ್ನ ಪರೀಕ್ಷೆ ಮಾಡೋದು ಹೆಂಗೆ ಅಂತ ತಲೆ ಓಡ್ತು. ಓಡಿದ್ದು ಸ್ವಲ್ಪ ದೂರನೇ ಹೋಯ್ತು, ಅದನ್ನ ಇಲ್ಲಿ ಬರೀತಿದೀನಿ.

ಮೊದ್ಲು ಗೊತ್ತಿಲ್ದೇ ಇರೋರಿಗೆ ಆಟ ಏನು ಅಂತ. ಜಪಾನಲ್ಲಿ ಬೇಗೋಮಾ ಅಂತ ಹಳೇ ಆಟ ಇದೆ, ಪುಟ್ಟ ಕಬ್ಬಿಣದ ಬುಗುರಿಗಳನ್ನ ಡ್ರಮ್ ಬಾಯಿಗೆ ಬಿಗಿದ ಬಟ್ಟೆ ಮೇಲೆ ಬಿಟ್ಟು ಒಂದನ್ನೊಂದು ಹೊರಗೆ ತಳ್ಳೋದು. ಅದರ ಮೊಮ್ಮಗ ಬೇಬ್ಲೇಡ್, 1999ರಲ್ಲಿ ಟಕಾರಾ ಕಂಪನಿ ತಂದಿದ್ದು. 2006ರಲ್ಲಿ ಅದು ಟೋಮಿ ಜೊತೆ ಸೇರಿ ಟಕಾರಾ ಟೋಮಿ ಆಯ್ತು. 2008ರಲ್ಲಿ ಮೆಟಲ್ ಫೈಟ್, 2015ರಲ್ಲಿ ಬರ್ಸ್ಟ್, 2023ರ ಜುಲೈನಲ್ಲಿ ಬೇಬ್ಲೇಡ್ ಎಕ್ಸ್. ನಮ್ ಜಗುಲಿಲಿ ಈಗ ಇರೋದು ಎಕ್ಸ್. ಮೂರು ಭಾಗ ಇರುತ್ತೆ, ಮೇಲೆ ಹೊಡೆಯೋ ಬ್ಲೇಡು, ಮಧ್ಯ ಎತ್ತರ ಕೊಡೋ ರ‍್ಯಾಚೆಟ್ಟು, ಕೆಳಗೆ ನೆಲಕ್ಕೆ ತಾಗೋ ಬಿಟ್ಟು. ಡ್ರಾನ್ ಸೋರ್ಡ್ 3-60ಎಫ್ ಅಂತ ಪೆಟ್ಟಿಗೆ ಮೇಲೆ ಇದ್ರೆ ಡ್ರಾನ್ ಸೋರ್ಡ್ ಬ್ಲೇಡು, 3-60 ರ‍್ಯಾಚೆಟ್ಟು, ಎಫ್ ಅಂದ್ರೆ ಫ್ಲಾಟ್ ಬಿಟ್ಟು.

ಜಗಳದ ಮೂಲ ಇರೋದು ಆ ಕೊನೇ ಅಕ್ಷರದಲ್ಲಿ. ಬಿಟ್ಟಿನ ತುದಿ ಚಪ್ಪಟೆಯಾಗಿದ್ರೆ ನೆಲಕ್ಕೆ ಜಾಸ್ತಿ ಉಜ್ಜುತ್ತೆ, ಉಜ್ಜಿದ್ದಕ್ಕೆ ನಿಂತಲ್ಲಿ ನಿಲ್ದೆ ಸ್ಟೇಡಿಯಂ ತುಂಬಾ ಓಡುತ್ತೆ, ಓಡಿದ್ದಕ್ಕೆ ಬೇಗ ಸುಸ್ತಾಗುತ್ತೆ. ಇದು ಅಟ್ಯಾಕು. ತುದಿ ಗುಂಡಗೆ ಇದ್ರೆ ಉಜ್ಜೋದು ಕಮ್ಮಿ, ಮಧ್ಯದಲ್ಲಿ ಕೂತು ತುಂಬಾ ಹೊತ್ತು ಸುತ್ತುತ್ತೆ, ಅದು ಸ್ಟ್ಯಾಮಿನಾ. ಅಂದ್ರೆ ಅಟ್ಯಾಕಿನವ್ನು ಬೇಗ ಹೊಡೆದು ಮುಗಿಸ್ಲೇಬೇಕು, ತಡ ಆದ್ರೆ ಅವನ ಕಥೆ ಮುಗೀತು. ಇದರ ಮೇಲೆ ಎಕ್ಸ್‌ನಲ್ಲಿ ಇನ್ನೊಂದು ಇದೆ, ಸ್ಟೇಡಿಯಂ ಅಂಚಲ್ಲಿ ಹಲ್ಲು ಹಲ್ಲಾಗಿರೋ ಒಂದು ಹಳಿ, ಬಿಟ್ಟಿನ ಸುತ್ತ ಇರೋ ಹಲ್ಲು ಅದಕ್ಕೆ ಕಚ್ಕೊಂಡ್ರೆ ಬೇಬ್ಲೇಡ್ ಒಂದೇ ಸಲ ಚಿಮ್ಮುತ್ತೆ. ಆ ಚಿಮ್ಮೋ ವೇಗ ಎದುರಾಳಿ ಮೇಲೆ ಹೋದ್ರೆ ಸಿಡಿಲು, ತಪ್ಪಿದ್ರೆ ಸೀದಾ ಗುಂಡಿಗೆ. ಸೋ ಹುಡುಗ ಹೇಳೋದ್ರಲ್ಲಿ ಒಂದು ನಿಜ ಇದ್ದೇ ಇದೆ, ತಾನಾಗಿ ಬೀಳೋ ರೋಗ ಹೆಚ್ಚಾಗಿ ಇರೋದು ಅಟ್ಯಾಕಿಗೇ.

ಪಾಯಿಂಟ್ ಲೆಕ್ಕ ಹಿಂಗಿದೆ. ಎದುರಾಳಿ ಸುತ್ತೋದು ನಿಂತು ನೀನು ಇನ್ನೂ ಸುತ್ತುತಿದ್ರೆ 1. ಪಕ್ಕದ ಎರಡು ಗುಂಡಿಲಿ ಒಂದಕ್ಕೆ ತಳ್ಳಿದ್ರೆ 2. ಹೊಡೆತಕ್ಕೆ ಅದು ಬಿಚ್ಚಿ ಹೋದ್ರೆ 2. ನಡುವಿನ ಎಕ್ಸ್‌ಟ್ರೀಮ್ ಗುಂಡಿಗೆ ತಳ್ಳಿದ್ರೆ 3. ಮೊದ್ಲು 4 ಮುಟ್ಟಿದೋರು ಗೆದ್ದ ಹಾಗೆ. ತಾನಾಗಿ ಬಿದ್ದಾಗ ಏನು ಅನ್ನೋದಕ್ಕೆ ಆಟದ ರೂಲ್ ಚೀಟಿಲಿ ಏನಿದೆ ಅನ್ನೋ ವಾದ ಬೇರೆ ಇಟ್ಕೊಳ್ಳಿ, ನಮ್ಮ ಜಗುಲಿಲಿ ಇರೋ ಬೇಡಿಕೆ ನಾಲ್ಕು ಥರ. ಅಕ್ಕನ ಮಗಂದು 'ಆ ರೌಂಡೇ ಕ್ಯಾನ್ಸಲ್, ಮತ್ತೆ ಬಿಡೋಣ'. ಹುಡುಗಿದು 'ಗುಂಡಿ ಅಂದ್ರೆ ಗುಂಡಿ, ಹೊಡೆತಕ್ಕೆ ಬಿದ್ರೂ ತಾನಾಗಿ ಬಿದ್ರೂ 2'. ಅವಳ ಅಣ್ಣಂದು ಇನ್ನೂ ಜೋರು, ಎಕ್ಸ್‌ಟ್ರೀಮ್ ಗುಂಡಿಲಿ ಬಿದ್ರೆ 3 ಅಂತ. ಮತ್ತೆ ನಂದು, ಜಗಳ ನಿಲ್ಲಿಸಕ್ಕೆ, ಯಾವ ಗುಂಡಿ ಆದ್ರೂ 1.

ಈಗ ಪರೀಕ್ಷೆ. ಎಲ್ರಿಗೂ ಮೊದ್ಲು ಹೊಳೆಯೋದು ಏನು ಅಂದ್ರೆ ಹತ್ತು ಮ್ಯಾಚ್ ಈ ರೂಲಲ್ಲಿ, ಹತ್ತು ಮ್ಯಾಚ್ ಆ ರೂಲಲ್ಲಿ ಆಡ್ಸಿ, ಅಟ್ಯಾಕ್ ಎಷ್ಟು ಗೆಲ್ತು ನೋಡೋಣ ಅಂತ. ಹುಡುಗ್ರು ಹಾಗೇ ಶುರು ಮಾಡಿದ್ರು. ನಾನು ಬೇಡ ಅಂದೆ. ಯಾಕೆ ಅಂದ್ರೆ ಒಂದು ನಾಣ್ಯನ 20 ಸಲ ಎಸೀರಿ, ಅದರಲ್ಲಿ ಏನೂ ಮೋಸ ಇಲ್ದೇ ಇದ್ರೂ 12 ಅಥ್ವಾ ಜಾಸ್ತಿ ಸಲ ಒಂದೇ ಕಡೆ, ಹೇಳಿದ ಕಡೆನೇ, ಬೀಳೋ ಚಾನ್ಸು 25 ಪರ್ಸೆಂಟು. ನಾಲ್ಕರಲ್ಲಿ ಒಂದು! 20 ಮ್ಯಾಚಲ್ಲಿ 12 ಗೆದ್ಳು ಅಂತ 'ನೋಡಿ ರೂಲು ಅವಳ ಪರ' ಅನ್ನಕ್ಕಾಗಲ್ಲ. 100 ಮ್ಯಾಚ್ ಆಡಿದ್ರೂ ಸಿಗೋ ಉತ್ತರ ಹತ್ತು ಪರ್ಸೆಂಟ್ ಆಚೆ ಈಚೆ ಅಲ್ಲಾಡ್ತಿರುತ್ತೆ, ಐದು ಪರ್ಸೆಂಟಿಗೆ ತರ್ಬೇಕು ಅಂದ್ರೆ 400 ಮ್ಯಾಚು, ಅಷ್ಟೊತ್ತಿಗೆ ಕಕ್ಕಡ ಹೋಗಿ ಕೈಲ್ ಮುಹೂರ್ತ ಬಂದಿರುತ್ತೆ.

ನಮ್ ಕಡೆ ಚೆರಿ, ಅಂದ್ರೆ ಒಣಗಿಸಿದ ಕಾಫಿ ಹಣ್ಣು, ಮಾರೋರಿಗೆ ಇದು ಬೇರೆ ರೂಪದಲ್ಲಿ ಗೊತ್ತು. 50 ಕೆಜಿ ಚೀಲದ ಚೆರಿ ಗುದ್ದಿದ್ರೆ ಬೀಜ ಎಷ್ಟು ಕೆಜಿ ಬರುತ್ತೆ ಅನ್ನೋದೇ ಔಟ್‌ಟರ್ನು, 26ಓ 27ಓ 28ಓ ಅಂತ. ಆ ಒಂದು ನಂಬರ್ ಮೇಲೆ ರೇಟು. ಪೂರ್ತಿ ಲಾರಿ ಗುದ್ದಿ ನೋಡಕ್ಕಾಗಲ್ಲ, ಸ್ಯಾಂಪಲ್ ತೆಗೀಬೇಕು, ಅಲ್ಲೇ ಎಲ್ಲಾ ಗಲಾಟೆ. ಒಂದ್ಸಲ ನಾನು ಕೆಲ್ಸ ಮಾಡ್ತಿದ್ದ ಒಂದು ಕಡೆ ಸ್ಯಾಂಪಲ್ಲನ್ನ ಬಾಗಿಲ ಪಕ್ಕದ ಚೀಲದಿಂದಲೇ ತೆಗೀತಿದ್ರು, ಕೈಗೆ ಹತ್ರ ಇತ್ತು ಅಂತ ಅಷ್ಟೇ, ಮೋಸ ಅಂತಲ್ಲ. ಆದ್ರೆ ಬಾಗಿಲ ಪಕ್ಕದ ಚೀಲಕ್ಕೆ ಇರಚಲು ಹೊಡೆದು ಶೀತ ಹಿಡ್ಕೊಂಡಿತ್ತು, ಬೆಳೆಗಾರ ಎರಡು ದಿನ ಬಂದು ಕೂಗಾಡಿದ, ಕೂಗಾಡಿದ್ದು ಸರಿನೇ ಆಗಿತ್ತು. ಸ್ಯಾಂಪಲ್ ಚಿಕ್ಕದು ಅನ್ನೋದು ಒಂದು ತೊಂದ್ರೆ, ಸ್ಯಾಂಪಲ್ ಒಂದೇ ಮೂಲೆಯಿಂದ ಬಂತು ಅನ್ನೋದು ಅದಕ್ಕಿಂತ ದೊಡ್ಡದು. ಬೇಬ್ಲೇಡಲ್ಲೂ ಅಷ್ಟೇ. ಅಕ್ಕನ ಮಗ ಒಬ್ಬನೇ ಅಟ್ಯಾಕ್ ಆಡಿದ್ರೆ ಸಿಗೋ ಉತ್ತರ ಅಟ್ಯಾಕ್ ಟೈಪಿಂದಾ ಇಲ್ಲ ಅಕ್ಕನ ಮಗನ ಕೈದಾ?

ಅದಕ್ಕೆ ಮೊದಲ ಕಟ್ಟು ಏನು ಮಾಡಿದ್ವಿ ಅಂದ್ರೆ, ಅರ್ಧ ರೌಂಡು ಅವನ ಬೇಬ್ಲೇಡ್ ಅವ್ಳು ಬಿಡೋದು, ಅವಳದ್ದು ಇವ್ನು. ಬೇಬ್ಲೇಡನ್ನ ಎಳೆದು ಬಿಡೋ ಲಾಂಚರ್ ಇಬ್ರಿಗೂ ಒಂದೇ ಥರದ್ದು. ಐದೈದು ರೌಂಡಿಗೆ ಅದಲು ಬದಲು, ಒಂದೇ ಸಲ ಅಲ್ಲ, ಯಾಕಂದ್ರೆ ಆಡ್ತಾ ಆಡ್ತಾ ಕೈ ಸೋಲುತ್ತೆ, ಸ್ಟೇಡಿಯಂ ಕೂಡ ಶೀತ ಆಗುತ್ತೆ. ಈ ಮಳೆಗಾಲದಲ್ಲಿ ಪ್ಲಾಸ್ಟಿಕ್ ಮೇಲೆ ಕಣ್ಣಿಗೆ ಕಾಣದೇ ಇರೋ ಅಂಟು ಕೂತಿರುತ್ತೆ, ಬೆರಳು ಎಳೆದ್ರೆ ಗೊತ್ತಾಗುತ್ತೆ, ಚಪ್ಪಟೆ ತುದಿಗೆ ಅದು ಒಂಥರಾ, ಗುಂಡು ತುದಿಗೆ ಇನ್ನೊಂಥರಾ, ಹಾಗಾಗಿ ಐದು ರೌಂಡಿಗೊಮ್ಮೆ ಹಳೇ ಪಂಚೆ ತುಂಡಲ್ಲಿ ಒರೆಸೋದು. ಜಾತ್ರೆಲಿ ತಗೊಂಡ ಡೂಪ್ಲಿಕೇಟ್ ಎರಡು ಇತ್ತು, ಅವನ್ನ ಪರೀಕ್ಷೆಯಿಂದ ಹೊರಗಿಟ್ವಿ, ನೋಡಕ್ಕೆ ಒಂದೇ ಥರ ಇದ್ರೂ ಕೈಲಿ ಹಿಡಿದ್ರೆ ತೂಕ ಇಲ್ಲ.

ಕೈ ಬದಲಾಯಿಸಿದ್ದರಿಂದ ಒಂದು ವಿಷ್ಯ ಮೊದಲ ದಿನವೇ ಕಣ್ಣಿಗೆ ಬಿತ್ತು. ಅಕ್ಕನ ಮಗ ಬಿಡುವಾಗ ಮೈಯೆಲ್ಲಾ ಬಲ ಹಾಕಿ ಎಳೀತಾನೆ, ಲಾಂಚರು ಒಂದು ಕಡೆ ವಾಲುತ್ತೆ, ಬೇಬ್ಲೇಡು ನೆಲ ಮುಟ್ಟೋ ಮೊದ್ಲೇ ಅಂಚಿಗೆ ಹೊರಟಿರುತ್ತೆ. ಅದೇ ಬೇಬ್ಲೇಡನ್ನ ಅವ್ಳು ಮಟ್ಟಸವಾಗಿ ಹಿಡಿದು ಬಿಟ್ರೆ ಒಂದು ಸುತ್ತು ಒಳಗೇ ಹಾಕಿ ಆಮೇಲೆ ಹಳಿ ಹತ್ತುತ್ತೆ, ತಾನಾಗಿ ಬೀಳೋದು ಎಷ್ಟೋ ಕಮ್ಮಿ. ಅಂದ್ರೆ ಹುಡುಗಿ ಹೇಳಿದ್ದರಲ್ಲೂ ನಿಜ ಇದೆ. ಇದನ್ನ ನಾನು ಜೋರಾಗಿ ಹೇಳ್ಲಿಲ್ಲ, ಮನೆಲಿ ಊಟ ಹಾಕೋದು ಅಕ್ಕ.

ಎರಡನೇ ಕಟ್ಟು, ನನ್ನ ಪ್ರಕಾರ ಇದೇ ಮುಖ್ಯ. ರೂಲ್ ಬದಲಾದ್ರೆ ಬದಲಾಗೋದು ಲೆಕ್ಕ, ಬೇಬ್ಲೇಡ್ ಸುತ್ತೋ ರೀತಿ ಅಲ್ಲ. ಹಾಗಿದ್ಮೇಲೆ ನಾಲ್ಕು ರೂಲಿಗೆ ನಾಲ್ಕು ಸಲ ಯಾಕೆ ಆಡ್ಬೇಕು? ಒಂದೇ ಸಲ ಆಡಿ, ಪ್ರತಿ ರೌಂಡೂ ಹೆಂಗೆ ಮುಗೀತು ಬರ್ಕೊಳಿ, ಆಮೇಲೆ ಅದೇ ಪಟ್ಟಿಗೆ ನಾಲ್ಕು ಥರ ಲೆಕ್ಕ ಹಾಕಿ. ಅದೃಷ್ಟ, ಕೈ, ಶೀತ ಎಲ್ಲಾ ನಾಲ್ಕರಲ್ಲೂ ಒಂದೇ, ಉಳಿಯೋ ವ್ಯತ್ಯಾಸ ಪೂರ್ತಿ ರೂಲಿಂದು. ಒಂದೇ ಚೀಲದ ಚೆರಿನ ನಾಲ್ಕು ರೇಟಲ್ಲಿ ಲೆಕ್ಕ ಹಾಕಿದ ಹಾಗೆ.

ಕ್ಯಾಲೆಂಡರ್ ಹಿಂದೆ ಬರ್ದಿದ್ದ ಒಂದು ಸಾಲು ತೋರಿಸ್ತೀನಿ. ಅಟ್ಯಾಕ್ ಹೊಡೆದು ಗುಂಡಿಗೆ ತಳ್ಳಿದ್ರೆ 'ಹೊ', ಅಟ್ಯಾಕ್ ತಾನಾಗಿ ಬಿದ್ರೆ 'ತಾ', ಸುತ್ತು ಮುಗಿದು ಅಟ್ಯಾಕ್ ಸೋತ್ರೆ 'ಸು'. ಸಾಲು ಹಿಂಗಿತ್ತು: ಹೊ, ತಾ, ಸು, ತಾ, ಹೊ. ಎರಡೂ 'ಹೊ' ಪಕ್ಕದ ಗುಂಡಿಗೆ, ಅಂದ್ರೆ ಎರಡೆರಡು ಪಾಯಿಂಟು. ಕ್ಯಾನ್ಸಲ್ ರೂಲಲ್ಲಿ 'ತಾ' ಎರಡೂ ಅಳಿಸಿ ಹೋಗುತ್ತೆ, 2-0, 2-1, 4-1, ಹುಡುಗ ಆರಾಮಾಗಿ ಗೆದ್ದ. ನನ್ನ 1 ಪಾಯಿಂಟ್ ರೂಲಲ್ಲಿ 2-0, 2-1, 2-2, 2-3, ಕೊನೇ ಹೊಡೆತಕ್ಕೆ 4-3, ಗೆದ್ದ ಆದ್ರೆ ಉಸಿರು ಬಿಗಿ ಹಿಡ್ಕೊಂಡು. ಗುಂಡಿಗೆ 2 ಅನ್ನೋ ರೂಲಲ್ಲಿ 2-0, 2-2, 2-3, 2-5, ಹುಡುಗಿ ಗೆದ್ದಾಯ್ತು, ಐದನೇ ರೌಂಡ್ ಬರೋದೇ ಇಲ್ಲ. ಒಂದೇ ಐದು ರೌಂಡು, ಮೂರು ಥರ ಮುಕ್ತಾಯ. ಇದನ್ನ ಬರ್ದು ತೋರಿಸಿದಾಗ ಇಬ್ರೂ ಸ್ವಲ್ಪ ಹೊತ್ತು ಸುಮ್ನಾದ್ರು, ನಮ್ ಜಗುಲಿಲಿ ಅದೇ ದೊಡ್ಡ ಸಾಧನೆ.

ಇಲ್ಲೊಂದು ಎಚ್ಚರ ಬೇಕು. ಗುಂಡಿಗೆ 2 ಅಂತ ಆಡ್ತಿದ್ರೆ ನಾಲ್ಕನೇ ರೌಂಡಿಗೇ ಎದ್ದು ಹೋಗ್ತಿದ್ರು, ಕೊನೇ 'ಹೊ' ಕ್ಯಾಲೆಂಡರ್ ಮೇಲೆ ಇರ್ತಾನೇ ಇರ್ಲಿಲ್ಲ. ಅದಕ್ಕೆ ಪರೀಕ್ಷೆ ಮಾಡುವಾಗ ಮ್ಯಾಚ್ ಅನ್ನೋದನ್ನ ಮರೆತು ರೌಂಡ್ ಮೇಲೆ ರೌಂಡ್ ಆಡ್ತಾ ಹೋಗ್ಬೇಕು, ಆಮೇಲೆ ಕತ್ತರಿಸಿ ಮ್ಯಾಚ್ ಮಾಡ್ಕೋಬೇಕು.

ಸರಿ, ಒಂದು ಸಾಲಲ್ಲಿ ಏನೂ ಗೊತ್ತಾಗಲ್ಲ, ಒಟ್ಟಾರೆ ಎಷ್ಟು ಫರಕ್ಕು? ಇದಕ್ಕೆ ಬೇಬ್ಲೇಡ್ ಬೇಡ, ಪೆನ್ನು ಸಾಕು. ಕೈಗೆ ಸುಲಭ ಆಗ್ಲಿ ಅಂತ ಒಂದು ಹಿಡ್ಕೊಳ್ತೀನಿ, ಇದು ಕ್ಯಾಲೆಂಡರಿನ ಲೆಕ್ಕ ಅಲ್ಲ, ಬರೀ ಉದಾಹರಣೆ: 10 ರೌಂಡಲ್ಲಿ 4 ಅಟ್ಯಾಕ್ ಹೊಡೆದು ಗೆಲ್ಲುತ್ತೆ, ಪ್ರತಿ ಸಲ 2 ಪಾಯಿಂಟು. 4 ಸ್ಟ್ಯಾಮಿನಾ ಸುತ್ತಿ ಗೆಲ್ಲುತ್ತೆ, ಪ್ರತಿ ಸಲ 1. ಇನ್ನೆರಡು ರೌಂಡು ಅಟ್ಯಾಕ್ ತಾನಾಗಿ ಬೀಳುತ್ತೆ. 4ಕ್ಕೆ ಆಟ. ಆಗ ಅಟ್ಯಾಕ್ ಮ್ಯಾಚ್ ಗೆಲ್ಲೋ ಚಾನ್ಸು ಕ್ಯಾನ್ಸಲ್ ರೂಲಲ್ಲಿ 81 ಪರ್ಸೆಂಟು. 1 ಪಾಯಿಂಟ್ ರೂಲಲ್ಲಿ 66. 2 ಪಾಯಿಂಟಿಗೆ 55. ತಾನಾಗಿ ಬಿದ್ದಿದ್ದೆಲ್ಲಾ 3ರ ಗುಂಡಿಗೇ ಬಿತ್ತು ಅಂತ ಇಟ್ಕೊಂಡ್ರೆ 47.

ಈ ನಾಲ್ಕು ನಂಬರ್ ನೋಡಿದ್ರೆ ಗೊತ್ತಾಗುತ್ತೆ, ಹುಡುಗ ಹುಡುಗಿ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳ್ತಾ ಜಗಳ ಆಡ್ತಿದ್ರು. 'ರೂಲಿಂದ ಅಟ್ಯಾಕಿಗೆ ನಷ್ಟ ಇದ್ಯಾ' ಅಂದ್ರೆ ಇದೆ, 81ರಿಂದ 66, ಅಲ್ಲಿಂದ 55, ಇದರಲ್ಲಿ ವಾದ ಮಾಡೋದು ಏನೂ ಇಲ್ಲ, ತಾನಾಗಿ ಬೀಳೋದು ಅವ್ನೇ ಆದ್ಮೇಲೆ ಬಿದ್ದಿದ್ದಕ್ಕೆ ದಂಡ ಹಾಕೋ ಯಾವ ರೂಲೂ ಅವ್ನಿಗೇ ಬೀಳುತ್ತೆ. 'ರೂಲಿಂದ ಅಟ್ಯಾಕು ಸ್ಟ್ಯಾಮಿನಾಗಿಂತ ಕೆಳಗೆ ಹೋಯ್ತಾ' ಅಂದ್ರೆ ಅದು ಬೇರೆ ಪ್ರಶ್ನೆ. ಅದಕ್ಕೆ ಈ ಉದಾಹರಣೆಲಿ ಉತ್ತರ ಇಲ್ಲ ಅಂತ, 66 ಅಂದ್ರೂ ಮೇಲೇ, 55 ಅಂದ್ರೂ ಮೇಲೇ. 3ಕ್ಕೆ ಬಂದಾಗ ಮಾತ್ರ ಮಗುಚಿ ಬೀಳುತ್ತೆ. 'ನಂಗೆ ಅನ್ಯಾಯ' ಅನ್ನೋರು ಈ ಎರಡರಲ್ಲಿ ಯಾವುದನ್ನ ಹೇಳ್ತಿದಾರೆ ಅಂತ ಕೇಳದೇ ಪರೀಕ್ಷೆಗೆ ಇಳಿದ್ರೆ ಎಷ್ಟು ರೌಂಡ್ ಆಡಿದ್ರೂ ಮುಗಿಯಲ್ಲ.

ಯಾಕೆ ಅಟ್ಯಾಕಿಗೆ ಅಷ್ಟು ಜಾಗ ಇದೆ ಅಂದ್ರೆ, 4ಕ್ಕೆ ಆಟ ಇದ್ದಾಗ ಅವ್ನಿಗೆ ಎರಡು ಹೊಡೆತ ಸಾಕು, ಅವಳಿಗೆ ನಾಲ್ಕು ಗೆಲುವು ಬೇಕು. 1 ಪಾಯಿಂಟ್ ರೂಲಲ್ಲಿ ಇಬ್ರೂ ಸಮ ಆಗೋದು ಎಲ್ಲಿ ಅಂತ ಲೆಕ್ಕ ಹಾಕಿದ್ರೆ, ತಾನಾಗಿ ಬಿದ್ದಿದ್ದೂ ಸೇರ್ಸಿ ಎಲ್ಲಾ ರೌಂಡಲ್ಲಿ ಅವ್ನು ಸುಮಾರು 31 ಪರ್ಸೆಂಟ್ ಹೊಡೆದು ಗೆದ್ರೆ ಸಾಕು. ಹತ್ತರಲ್ಲಿ ಮೂರಕ್ಕಿಂತ ಒಂಚೂರು ಜಾಸ್ತಿ ಅಷ್ಟೇ! ಆರೂವರೆಗಿಂತ ಜಾಸ್ತಿ ರೌಂಡ್ ಸೋತು ಮ್ಯಾಚಲ್ಲಿ ಸಮ. ಸೋ ನಿಮ್ಮ ಮನೆಲೂ ಇದೇ ಜಗಳ ಇದ್ರೆ ದೊಡ್ಡ ಪರೀಕ್ಷೆ ಬೇಡ, ನೂರು ರೌಂಡಿಗೆ ಒಂದು ಕಾಗದ ಇಟ್ಕೊಂಡು ಹೊಡೆದು ಗೆದ್ದಿದ್ದು ಎಷ್ಟು ಅಂತ ಮಾತ್ರ ಗೀಟು ಹಾಕಿ. 40ರ ಮೇಲೆ ಇದ್ರೆ ಅಟ್ಯಾಕಿನವ್ನು ಅಳೋದು ಬೇಡ, 20ರ ಕೆಳಗೆ ಇದ್ರೆ ಅವ್ನು ಸೋಲ್ತಿರೋದು ಈ ರೂಲಿಂದ ಮಾತ್ರ ಅಲ್ಲ. ಮಧ್ಯ ಇದ್ರೆ ಇನ್ನೂ ನೂರು ಆಡಿ.

ಈಗ ನನ್ನ ಲೆಕ್ಕದಲ್ಲೇ ಇರೋ ತೂತು. ರೂಲ್ ಬದಲಾದ್ರೆ ಲೆಕ್ಕ ಮಾತ್ರ ಬದಲಾಗುತ್ತೆ, ಆಟ ಬದಲಾಗಲ್ಲ ಅಂದೆ. ಅದು ಪೂರ್ತಿ ನಿಜ ಅಲ್ಲ. ಕೊಡಗಲ್ಲಿ ಇದನ್ನ ಅರ್ಥ ಮಾಡ್ಸಕ್ಕೆ ಹಾಕಿ ಆಟ ಸಾಕು. ಹಾಕಿಲಿ ಆಫ್‌ಸೈಡ್ ರೂಲ್ ಇತ್ತು, ಎದುರಾಳಿ ಡಿಫೆಂಡರ್‌ಗಳ ಹಿಂದೆ ಮೊದ್ಲೇ ಹೋಗಿ ನಿಂತು ಚೆಂಡು ತಗೋಬಾರ್ದು ಅಂತ, 1996ರಲ್ಲಿ ಪ್ರಯೋಗಕ್ಕೆ ಅಂತ ತೆಗೆದ್ರು, 1998ರಲ್ಲಿ ಪರ್ಮನೆಂಟಾಗಿ ಹೋಯ್ತು. ಸರಿಯಾಗಿ ಆ ಮಧ್ಯದಲ್ಲಿ, 1997ರಲ್ಲಿ, ಕರಡ ಅನ್ನೋ ಊರಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾಗಿದ್ದು. ಹಳೇ ಆಟಗಾರರು ಸಿಕ್ರೆ ಕೇಳಿ ನೋಡಿ. ಆಫ್‌ಸೈಡ್ ಇದ್ದಾಗಿನ ಒಂದು ಮ್ಯಾಚ್ ತಗೊಂಡು, ಆಫ್‌ಸೈಡ್ ಅಂತ ಸೀಟಿ ಹೊಡೆದಿದ್ದನ್ನೆಲ್ಲಾ ಅಳಿಸಿ ಮತ್ತೆ ಗೋಲ್ ಎಣಿಸಿದ್ರೆ ಹೊಸ ಕಾಲದ ಹಾಕಿ ಸಿಗುತ್ತಾ? ಸಿಗಲ್ಲ. ರೂಲು ಹೋದ ಮೇಲೆ ಫಾರ್ವರ್ಡ್ ನಿಲ್ಲೋ ಜಾಗ ಬದಲಾಯ್ತು, ಅವನ ಹಿಂದೆ ಡಿಫೆಂಡರ್ ನಿಲ್ಲೋ ಜಾಗವೂ ಬದಲಾಯ್ತು.

ಬೇಬ್ಲೇಡಲ್ಲೂ ಅದೇ. ತಾನಾಗಿ ಬಿದ್ರೆ ಕ್ಯಾನ್ಸಲ್ ಅಂತ ಇದ್ರೆ ಅಕ್ಕನ ಮಗ ಹೆದರೋದೇ ಇಲ್ಲ, ಪ್ರಾಣ ಹೋಗೋ ಹಾಗೆ ಎಳೀತಾನೆ, ಬಿದ್ರೆ ಇನ್ನೊಂದ್ಸಲ, ಬೀಳದೇ ಇದ್ರೆ ಸಿಡಿಲು, ಅವ್ನಿಗೇನು ಹೋಗೋದು? ದಂಡ ಇದೆ ಅಂದ ಕೂಡ್ಲೇ ಎಳೆತ ಸ್ವಲ್ಪ ತಗ್ಗುತ್ತೆ, ವಾಲಿಸೋದು ಕಮ್ಮಿ ಆಗುತ್ತೆ, ಬೀಳೋದೂ ಕಮ್ಮಿ, ಹೊಡೆತದ ಜೋರೂ ಕಮ್ಮಿ. ಇದು ನಾವು ಕಣ್ಣಾರೆ ನೋಡಿದ್ದು. ಸೋ ಒಂದೇ ಪಟ್ಟಿಗೆ ನಾಲ್ಕು ಲೆಕ್ಕ ಹಾಕೋ ವಿಧಾನ ದಂಡದ ಏಟನ್ನ ಸ್ವಲ್ಪ ದೊಡ್ಡದಾಗಿ ತೋರಿಸುತ್ತೆ, ಯಾಕಂದ್ರೆ ಕ್ಯಾನ್ಸಲ್ ರೂಲಲ್ಲಿ ಹುಚ್ಚಾಪಟ್ಟೆ ಬಿಟ್ಟ ರೌಂಡಿಗೆ ದಂಡದ ರೂಲಿನ ಲೆಕ್ಕ ಹಾಕ್ತಿದೀವಿ. ನಿಜವಾದ ನಷ್ಟ ಅದಕ್ಕಿಂತ ಕಮ್ಮಿನೇ ಇರ್ಬೇಕು, ಆಟಗಾರ ಮಂಕಾಗಿ ಇಲ್ದೇ ಇದ್ರೆ. ಇದಕ್ಕೆ ಮದ್ದು ಏನಂದ್ರೆ ಪಟ್ಟಿ ಬರಿಯೋ ರೌಂಡುಗಳನ್ನೇ ಎರಡು ಭಾಗ ಮಾಡಿ, ಅರ್ಧಕ್ಕೆ ಮೊದ್ಲೇ 'ಬಿದ್ರೆ ದಂಡ' ಅಂತ, ಅರ್ಧಕ್ಕೆ 'ಬಿದ್ರೆ ಕ್ಯಾನ್ಸಲ್' ಅಂತ ಹೇಳಿ ಬಿಡ್ಸೋದು, ಎರಡರಲ್ಲೂ ತಾನಾಗಿ ಬಿದ್ದಿದ್ದು ಎಷ್ಟು ಅಂತ ಹೋಲಿಸೋದು.

ಹಾಗೆ ನೋಡಿದ್ರೆ ಇದೆಲ್ಲಾ ಹೊಸದಾ? ನಾವು ಸಣ್ಣೋರಿದ್ದಾಗ ಚಾಟಿ ಸುತ್ತಿ ಬುಗುರಿ ಆಡ್ತಿದ್ವಲ್ಲ, ನೆಲದ ಮೇಲೆ ಸುತ್ತು ಗೀಚಿ ಒಳಗಿರೋ ಬುಗುರಿಗೆ ಮೇಲಿಂದ ಹೊಡೆಯೋದು, ಹೊಡೆಯಕ್ಕೆ ಹೋಗಿ ನಿನ್ನ ಬುಗುರಿ ಸುತ್ತದೇ ಅಡ್ಡ ಬಿತ್ತು ಅಂದ್ರೆ ಕ್ಯಾನ್ಸಲ್ಲಾ? ತೆಗೆದು ಒಳಗಿಡು ಅಂತಿದ್ರು, ಆಮೇಲೆ ಎಲ್ರೂ ಸೇರಿ ಅದಕ್ಕೆ ಗುನ್ನ ಹೊಡೆಯೋರು. ನಂದೊಂದು ಬುಗುರಿ ಇನ್ನೂ ಅಟ್ಟದ ಮೇಲೆ ಇದೆ, ಮೈ ತುಂಬಾ ಗುನ್ನ, ಎಲ್ಲಾ ನನ್ನದೇ ಕೈ ತಪ್ಪಿಂದ ಆಗಿದ್ದು. ಯಾರೂ ಅದನ್ನ ಹೊಡೆಯೋರ ವಿರುದ್ಧದ ರೂಲು ಅನ್ಲಿಲ್ಲ. ಆದ್ರೆ ಅಲ್ಲಿ ಎಲ್ರೂ ಹೊಡೆಯೋರೇ, ಸುಮ್ನೆ ಕೂತು ಗೆಲ್ಲೋ ಟೈಪು ಅಂತ ಇರ್ಲೇ ಇಲ್ಲ, ಹಾಗಾಗಿ ದಂಡ ಎಲ್ರಿಗೂ ಸಮಾನಾಗಿ ಬೀಳ್ತಿತ್ತು. ಆ ಹೋಲಿಕೆನ ಇಷ್ಟಕ್ಕೇ ಬಿಡೋದು ಒಳ್ಳೇದು.

ನಂಗೆ ಈ ರೂಲಲ್ಲಿ ನಿಜವಾಗಿ ಸಿಟ್ಟು ಬರ್ಸಿದ್ದು ಪಾಯಿಂಟಲ್ಲ, 'ತಾನಾಗಿ' ಅನ್ನೋ ಪದ. ತಾನಾಗಿ ಬಿತ್ತಾ, ತಾಗಿ ಬಿತ್ತಾ? 3, 2, 1, ಗೋ ಶೂಟ್ ಅಂದ ಮೇಲೆ ಮೊದಲ ಸೆಕೆಂಡಲ್ಲೇ ಎಷ್ಟೋ ರೌಂಡು ಮುಗಿದು ಹೋಗಿರುತ್ತೆ. ಕಣ್ಣಿಗೆ ಕಾಣಲ್ಲ, ಕಿವಿ ನಂಬ್ಬೇಕು, ತಾಗಿದ್ರೆ ಟಿಕ್ ಅಂತ ಸಣ್ಣ ಸದ್ದು ಬರುತ್ತೆ. ನಮ್ ಜಗುಲಿ ಮೇಲ್ಛಾವಣಿ ಶೀಟು. ಮಳೆ ಜೋರಾದ್ರೆ ಪಕ್ಕದಲ್ಲಿ ಕೂತೋರ ಮಾತೇ ಕೇಳಲ್ಲ, ಟಿಕ್ ಎಲ್ಲಿ ಕೇಳೋದು. ಒಂದು ರೌಂಡು ಹುಡುಗ ತಾಗಿಲ್ಲ ಅಂತ, ಹುಡುಗಿ ತಾಗಿದೆ ಅಂತ, ಅಕ್ಕ ಒಳಗಿಂದ ಇಬ್ರಿಗೂ ಬೈದು, ಕೊನೆಗೆ ಫೋನಲ್ಲಿ ಸ್ಲೋ ಮೋಷನ್ ಹಾಕಿ ಹಿಡಿಯೋದು ಅಂತ ಆಯ್ತು. ಹಾಕಿ ನೋಡಿದ್ರೆ ಇಬ್ರೂ ತಾನಾಗಿ ಬಿತ್ತು ಅಂತ ಒಪ್ಕೊಂಡಿದ್ದ ಒಂದು ರೌಂಡಲ್ಲೂ ಅಂಚಲ್ಲಿ ಕೂದಲೆಳೆಯಷ್ಟು ತಾಗಿತ್ತು. ತಾಗಿ ಬಿದ್ದಿದ್ದು ಅಂದ್ರೆ ಅವಳಿಗೆ 1 ಅಲ್ಲ, 2! ಅಂದ್ರೆ ಅಲ್ಲಿ ತನಕ ನಾವು ಬರ್ಕೊಂಡಿದ್ದ 'ತಾ'ಗಳಲ್ಲಿ ಎಷ್ಟು ನಿಜವಾಗಿ 'ತಾ' ಅನ್ನೋದೇ ಡೌಟು, ಹಳೇ ಪಟ್ಟಿ ಹರಿದು ಹಾಕಿ ಮತ್ತೆ ಶುರು ಮಾಡಿದ್ವಿ.

ಇದರಿಂದ ಒಂದು ಉಲ್ಟಾ ವಿಷ್ಯ ಹೊರಬಿತ್ತು. ತಾನಾಗಿ ಬಿದ್ರೆ 1, ತಾಗಿ ಬಿದ್ರೆ 2 ಅಂತ ಇದ್ರೆ ಅಟ್ಯಾಕಿನವ್ನು 'ತಾಗಿಲ್ಲ, ತಾಗಿಲ್ಲ' ಅಂತಾನೆ, ಸ್ಟ್ಯಾಮಿನಾದವ್ಳು 'ತಾಗಿದೆ' ಅಂತಾಳೆ. ಕ್ಯಾನ್ಸಲ್ ರೂಲಲ್ಲೂ ಹಾಗೇ, ಇನ್ನೂ ಜೋರಾಗಿ. ಗುಂಡಿಗೆ 2 ಅನ್ನೋ ಹುಡುಗಿ ರೂಲಲ್ಲಿ ಮಾತ್ರ ತಾಗಿದ್ಯಾ ಇಲ್ವಾ ಅನ್ನೋ ಪ್ರಶ್ನೆನೇ ಬರಲ್ಲ, ಎರಡಕ್ಕೂ ಒಂದೇ ಬೆಲೆ. ಅಂಪೈರ್ ಬೇಡ, ಫೋನ್ ಬೇಡ. ಅಟ್ಯಾಕಿಗೆ ಕಷ್ಟ ಕೊಡೋ ರೂಲೇ ಜಗಳ ಕಮ್ಮಿ ಮಾಡೋ ರೂಲು. ಇದನ್ನ ಒಪ್ಕೊಳಕ್ಕೆ ನಂಗೂ ಇಷ್ಟ ಇಲ್ಲ, ಆದ್ರೆ ಇದೆ. ಆದ್ರೂ ನಾನು 1 ಪಾಯಿಂಟಿಗೇ ನಿಲ್ತೀನಿ. ಹೊಡೆಯೋ ಧೈರ್ಯಕ್ಕೆ ಒಂದು ಬೆಲೆ ಇರ್ಲಿ, ಕೈ ಕಾಲು ಕಟ್ಟಿ ಹಾಕೋ ಅಷ್ಟು ಬೇಡ, ಮತ್ತೆ ಫೋನ್ ಹೆಂಗಿದ್ರೂ ಇರುತ್ತೆ.

ಬರೀತಾ ಬರೀತಾ ಇನ್ನೊಂದು ಕಣ್ಣಿಗೆ ಬಿತ್ತು, ಯಾರೂ ಜಗಳ ಆಡದೇ ಇರೋ ವಿಷ್ಯ. ಎಕ್ಸ್‌ಟ್ರೀಮ್ ಗುಂಡಿಗೆ 3 ಅಂತ ಎಲ್ರೂ ಕುಣೀತಾರೆ, ಆದ್ರೆ 4ಕ್ಕೆ ಆಟ ಇದ್ದಾಗ 2+2 ಆದ್ರೂ ಎರಡು ಹೊಡೆತ, 3+3 ಆದ್ರೂ ಎರಡು ಹೊಡೆತ, 3+2 ಆದ್ರೂ ಎರಡೇ. ಆ ಮೂರನೇ ಪಾಯಿಂಟು ಕೆಲ್ಸಕ್ಕೆ ಬರೋದು ಅಟ್ಯಾಕು ಇನ್ನೊಂದು ರೌಂಡು ಸುತ್ತಿ 1ರಲ್ಲಿ ಗೆದ್ದಾಗ ಮಾತ್ರ, ಅದು ಅಟ್ಯಾಕಿಗೆ ಅಪರೂಪ. ಹಾಗಿದ್ರೆ 4 ಅನ್ನೋ ಗೆರೆನೇ ಆಚೆ ಈಚೆ ಮಾಡಿದ್ರೆ? ಅದೇ ಉದಾಹರಣೆ, 10ರಲ್ಲಿ 4 ಹೊಡೆತ, ಪ್ರತಿ ಹೊಡೆತಕ್ಕೆ 2, ತಾನಾಗಿ ಬಿದ್ದಿದ್ದಕ್ಕೆ 1. 4ಕ್ಕೆ ಆಡಿದ್ರೆ ಅಟ್ಯಾಕಿಗೆ 66 ಪರ್ಸೆಂಟು. 5ಕ್ಕೆ ಆಡಿದ್ರೆ 58. 6ಕ್ಕೆ ಆಡಿದ್ರೆ ಮತ್ತೆ 68. ಎರಡೆರಡಾಗಿ ಹೋಗೋನಿಗೆ ಐದು ಮುಟ್ಟಕ್ಕೆ ಮೂರು ಹೊಡೆತ ಬೇಕು, ಆರಕ್ಕೂ ಮೂರೇ, ಅಂದ್ರೆ ಐದರಲ್ಲಿ ಒಂದು ಪಾಯಿಂಟ್ ದಂಡ. ತಾನಾಗಿ ಬಿದ್ರೆ ಏನು ಅನ್ನೋ ರೂಲನ್ನ ಮುಟ್ಟದೇನೇ, ಬರೀ 4ನ್ನ 5 ಮಾಡಿದ್ರೆ ಅಟ್ಯಾಕಿಗೆ 8 ಪರ್ಸೆಂಟ್ ಏಟು, 2 ಪಾಯಿಂಟ್ ದಂಡದ ಹತ್ತಿರ ಹತ್ತಿರಕ್ಕೆ ಹೋಗುತ್ತೆ, ಯಾರಿಗೂ ಅನುಮಾನ ಬರಲ್ಲ.

ಈ ಕೊನೇ ಲೆಕ್ಕ ಇರೋ ಹಾಳೆನ ನಾನು ಜಗುಲಿ ಮೇಲೆ ಕ್ಯಾಲೆಂಡರ್ ಪಕ್ಕ ಬಿಟ್ಟು ಕಾಫಿ ಕುಡಿಯಕ್ಕೆ ಒಳಗೆ ಹೋಗಿದ್ದೆ. ವಾಪಸ್ ಬಂದಾಗ ಹಾಳೆ ಇದ್ದಲ್ಲೇ ಇತ್ತು, ಸ್ವಲ್ಪ ತಿರುಗಿತ್ತು ಅಷ್ಟೇ. ಅಕ್ಕನ ಮಗ ಲಾಂಚರ್ ಒರೆಸ್ತಾ ಇದ್ದ. ಎದುರು ಮನೆ ಹುಡುಗಿ ಬಲು ನಿಧಾನವಾಗಿ ಕೇಳಿದ್ಳು, "ಆಯ್ತು ಅಂಕಲ್, ತಾನಾಗಿ ಬಿದ್ರೆ 1 ಅಂತಲೇ ಇಟ್ಕೊಳಣ, ನಂದೇನೂ ಅಭ್ಯಂತರ ಇಲ್ಲ. ಆದ್ರೆ 4 ಬೇಗ ಮುಗ್ದೋಗುತ್ತೆ, 5ಕ್ಕೆ ಆಡೋಣ್ವಾ?"

"ಹ್ಞೂಂ, ಅದೇ ಚೆನ್ನಾಗಿರುತ್ತೆ" ಅಂದ ಅಕ್ಕನ ಮಗ, ತಲೆ ಎತ್ತದೇ.